ಲೈನಿನಲ್ಲಿದ್ದ ಪೈಲಟ್

ವಿಮಾನ ತರಬೇತಿ ಶಾಲೆಯ ಕ್ಯಾಂಟೀನಿನಲ್ಲಿ ಮಂಗಳವಾರ ಬೆಳಿಗ್ಗೆ ಒಂದು ಲೋಟ ಚಹಾ ಆರಿಹೋಯಿತು. ಯಾರಿಗೂ ಗಾಯವಾಗಿಲ್ಲ. ಘಟನೆಯ ಹೊತ್ತಿಗೆ ಚಹಾದ ಎದುರಿಗೆ ಶಿಷ್ಯೆಯೊಬ್ಬಳು ಕುಳಿತಿದ್ದಳು. ಆರುವುದನ್ನು ತಡೆಯಲು ಅವಳು ಯಾವ ಪ್ರಯತ್ನವನ್ನೂ ಮಾಡಲಿಲ್ಲ ಎಂದು ತಿಳಿದುಬಂದಿದೆ. ಚಹಾದ ಮೇಲೆ ಕೆನೆ ಕಟ್ಟಿತು. ಕೆನೆಯ ಮೇಲೆ ನೊಣ ಕೂತಿತು. ಸ್ವಲ್ಪ ಹೊತ್ತಿಗೆ ನೊಣ ಹಾರಿಹೋಯಿತು. ಆ ಮುಂಜಾನೆ ಆ ಶಾಲೆಯಿಂದ ಸಮಯಕ್ಕೆ ಸರಿಯಾಗಿ ಹಾರಿದ್ದು ಅದೊಂದೇ.

ಕ್ಯಾಂಟೀನಿನವರು ಗುರುಗಳಿಗೆ ಸುದ್ದಿ ಮುಟ್ಟಿಸಿದರು.

ಗುರುಗಳ ಹೆಸರು ಮೇಟಿ. ಅವರು ಆ ಶಾಲೆಯಲ್ಲಿ ಹಾರಿಸುವುದನ್ನು ಕಲಿಸುತ್ತಲೇ ಮುದುಕರಾದವರು. ಅವರ ಶಿಷ್ಯರು ದೇಶದ ಎಲ್ಲ ದಿಕ್ಕಿನಲ್ಲೂ ಇಳಿದಿದ್ದಾರೆ. ಹೆಚ್ಚಿನವರು ಇಳಿಯಬೇಕಾದ ಕಡೆಯೇ ಇಳಿದಿದ್ದಾರೆ. ಅವರು ಬಂದು ಶಿಷ್ಯೆಯ ಎದುರು ಕುಳಿತರು. ಲೋಟ ನೋಡಿದರು. ಲೋಟದ ಪಕ್ಕದಲ್ಲಿ ಮುಖ ಮೇಲೆ ಮಾಡಿ ಇಟ್ಟಿದ್ದ ಫೋನನ್ನೂ ನೋಡಿದರು.

ಶಿಷ್ಯೆಯ ಹೆಸರು ಅಕ್ಷತಾ ಹಂಚಿನಮನಿ. ಅವಳು ಪೀಠಿಕೆ ಇಲ್ಲದೆ ಕೇಳಿದಳು.

"ಸರ್, ಲೈನ್ ಬಿಟ್ಟು ಬ್ಯಾರೆ ಕಡೆ ಹಾರಿಸಿದರ, ದಾರಿ ತಪ್ಪಿದಂಗ ಆಗ್ತೈತೇನ್ರಿ?"

ಲೈನು ಎಂದರೆ ಪೈಲಟ್‌ಗಳ ಮಾತಿನಲ್ಲಿ ಟಿಕೆಟ್ ಮಾರಿ ಜನರನ್ನು ಸಾಗಿಸುವ ದೊಡ್ಡ ವಿಮಾನ ಕಂಪನಿ. ಅಂಥ ಒಂದು ಕಂಪನಿಯ ಪರೀಕ್ಷೆಯನ್ನು ಅಕ್ಷತಾ ಪಾಸು ಮಾಡಿ ವರ್ಷದ ಮೇಲಾಗಿತ್ತು. ಬೇಗ ಕರೆಯುತ್ತೇವೆ ಎಂದು ಅವರು ಅಂದೇ ಹೇಳಿದ್ದರು. ಈಗಲೂ ಕೇಳಿದರೆ ಹಾಗೆಯೇ ಹೇಳುತ್ತಿದ್ದರು. ಮಾತಿನಲ್ಲಿ ಅವರು ಬಹಳ ಸ್ಥಿರವಾಗಿದ್ದರು. ಈ ನಡುವೆ ಒಂದು ಸರ್ವೆ ಕಂಪನಿ ಅವಳನ್ನು ಕೇಳಿತ್ತು. ಸಣ್ಣ ವಿಮಾನ. ನೆಲಕ್ಕೆ ಹತ್ತಿರ ಹಾರಿಸಬೇಕು. ಮಣ್ಣಿನ ಕೆಳಗೆ ಯಾವ ಕಲ್ಲಿದೆ, ಯಾವ ಅದಿರಿದೆ ಎಂದು ಯಂತ್ರವೊಂದು ಹಿಂದೆ ಕುಳಿತು ನೋಡುತ್ತದೆ. ಒಪ್ಪಿದರೆ ಎರಡು ವರ್ಷ ಬಿಟ್ಟು ಹೋಗುವಂತಿಲ್ಲ. ಅಷ್ಟರಲ್ಲಿ ದೊಡ್ಡ ಕಂಪನಿ ಕರೆದರೆ ಆ ಕರೆ ಮುಂದಿನವರಿಗೆ ಹೋಗುತ್ತದೆ. ಸಂಜೆಯೊಳಗೆ ಉತ್ತರ ಕೊಡು ಎಂದಿದ್ದರು.

"ಜೊತಿಗೆ ಕಲಿತವರು ಏನಂತಾರ?" ಎಂದು ಗುರುಗಳು ಕೇಳಿದರು.

"ಬಸ್ ಬಿಡಾಕ ಕಲಿತು ಟ್ರ್ಯಾಕ್ಟರ್ ಹತ್ತಾಕ ಹೊಂಟಿ ಅಂತಾರ್ರಿ. ಅಪ್ಪ ಯಾವ ಕಂಪನಿ ಅಂತ ಕೇಳ್ತಾನ. ಹೆಸರು ಹೇಳಿದರ, ಕೇಳೇ ಇಲ್ಲಲ್ಲವಾ ಅಂತಾನ."

"ಎಲ್ಲಾರೂ ಕೇಳಿದ ಹೆಸರಿನ ಕಂಪನಿ ಬಾಳ ಮುಚ್ಚ್ಯಾವ, ತಂಗಿ" ಎಂದರು ಗುರುಗಳು. ಅದು ಉತ್ತರವಲ್ಲ ಎಂದು ಅವರಿಗೂ ಗೊತ್ತಿತ್ತು. ಲೋಟವನ್ನು ಪಕ್ಕಕ್ಕೆ ಸರಿಸಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪೈಲಟ್ ಇದ್ದ. ಅವನ ಬಳಿ ಲೈಸೆನ್ಸ್ ಇತ್ತು. ಬಿಳಿ ಅಂಗಿ ಇತ್ತು. ಅಂಗಿಯ ಹೆಗಲಿಗೆ ಚಿನ್ನದ ಬಣ್ಣದ ಪಟ್ಟಿ ಇತ್ತು. ವಿಮಾನ ಇರಲಿಲ್ಲ.

ಅವನೂ ಒಂದು ದೊಡ್ಡ ಕಂಪನಿಯ ಪರೀಕ್ಷೆ ಪಾಸಾಗಿದ್ದ. ಅವನಿಗಿಂತ ಮೊದಲು ಪಾಸಾದವರು ಇದ್ದರು. ಅವರಿಗಿಂತ ಮೊದಲು ಪಾಸಾದವರೂ ಇದ್ದರು. ಎಲ್ಲರೂ ಕರೆ ಬರುವುದನ್ನು ಕಾಯುತ್ತಿದ್ದರು.

ಕೆಲಸ ಸಿಕ್ಕಿತೇ ಎಂದು ತಾಯಿ ಕೇಳಿದಳು. ಲೈನಿನಲ್ಲಿ ಇದ್ದೇನೆ ಎಂದು ಅವನು ಹೇಳಿದ. ಅದು ಸುಳ್ಳಲ್ಲ. ಪೈಲಟ್‌ಗಳಿಗೆ ಲೈನು ಎಂದರೆ ವಿಮಾನ ಕಂಪನಿ. ಊರಿನವರಿಗೆ ಲೈನು ಎಂದರೆ ರೇಷನ್ ಅಂಗಡಿಯ ಮುಂದೆ ನಿಲ್ಲುವ ಸರದಿ. ಅವನು ಎರಡನೆಯದರಲ್ಲಿ ನಿಂತಿದ್ದ. ತಾಯಿ ಮೊದಲನೆಯದನ್ನು ಕೇಳಿಸಿಕೊಂಡಳು. ಅವನು ತಿದ್ದಲಿಲ್ಲ.

ಆ ಊರಿನ ಮೇಲೆ ದಿನಾ ಸಂಜೆ ಒಂದು ದೊಡ್ಡ ವಿಮಾನ ಹಾದುಹೋಗುತ್ತಿತ್ತು. ಬಹಳ ಎತ್ತರದಲ್ಲಿ ಹೋಗುತ್ತಿತ್ತು. ಸದ್ದು ಕೂಡ ಕೇಳುತ್ತಿರಲಿಲ್ಲ. ತಾಯಿ ಮಾಳಿಗೆ ಹತ್ತಿ ಅದಕ್ಕೆ ಕೈ ಬೀಸುತ್ತಿದ್ದಳು. "ನನ್ನ ಮಗ ಹೊಂಟ" ಎನ್ನುತ್ತಿದ್ದಳು. ನೆರೆಮನೆಯ ಮುದುಕನೊಬ್ಬ ಕೆಲವು ದಿನ ನೋಡಿ, "ದಿನಾ ಆ ಕಡೆನ ಹೊಕ್ಕಾನಲ್ಲ, ಹೊಳ್ಳಿ ಬರೋದು ಯಾವಾಗ?" ಎಂದು ಕೇಳಿದ.

"ಅಂವ ಹೊಳ್ಳಿ ಬರೋ ಹೊತ್ತಿಗೆ ನೀ ಗೊರಕಿ ಹೊಡೀತಿರ್ತಿ" ಎಂದಳು ತಾಯಿ. ಮುದುಕ ಮತ್ತೆ ಕೇಳಲಿಲ್ಲ.

ಮಗ ಆ ಹೊತ್ತಿಗೆ ನಗರದ ಒಂದು ಕೋಣೆಯಲ್ಲಿ, ಅವನಂಥವರೇ ಇನ್ನಿಬ್ಬರ ಜೊತೆ, ಫೋನ್ ನೋಡುತ್ತಾ ಕುಳಿತಿರುತ್ತಿದ್ದ. ಕರೆ ಬಂದಾಗ ಎತ್ತದಿದ್ದರೆ ಅದು ಮುಂದಿನವನಿಗೆ ಹೋಗುತ್ತದೆ ಎಂದು ಯಾರೋ ಹೇಳಿದ್ದರು. ಯಾರು ಹೇಳಿದರು ಎಂದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಎಲ್ಲರೂ ನಂಬಿದ್ದರು. ಅವನು ಸ್ನಾನಕ್ಕೆ ಹೋಗುವಾಗ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗೆ ಒಯ್ಯುತ್ತಿದ್ದ. ಸಿನಿಮಾಕ್ಕೆ ಹೋಗುವುದನ್ನು ಬಿಟ್ಟ. ಲಿಫ್ಟಿನಲ್ಲಿ ಸಿಗ್ನಲ್ ಹೋಗುತ್ತದೆ ಎಂದು ಮೆಟ್ಟಿಲು ಹತ್ತಿದ. ಅವನ ಆರೋಗ್ಯ ಸುಧಾರಿಸಿತು. ನಿದ್ದೆ ಸುಧಾರಿಸಲಿಲ್ಲ.

ಈ ಮಧ್ಯೆ ಒಬ್ಬ ವೈದ್ಯ ಬಂದ. ರೋಗಿಗಳನ್ನು ಊರಿಂದ ಊರಿಗೆ ಸಾಗಿಸುವ ವಿಮಾನ ಇದೆ, ಬರುತ್ತೀಯಾ ಎಂದ. ನಾನು ಲೈನಿನಲ್ಲಿ ಇದ್ದೇನೆ ಎಂದು ಪೈಲಟ್ ಹೇಳಿದ. ಆಮೇಲೆ ಒಬ್ಬ ವ್ಯಾಪಾರಿ ಬಂದ. ವ್ಯಾಪಾರಿಯ ವಿಮಾನದಲ್ಲಿ ಆರು ಸೀಟು ಇದ್ದವು. ಆರು ಕಡಿಮೆಯಾಯಿತು ಎಂದು ಪೈಲಟ್‌ಗೆ ಅನಿಸಿತು. ಅಲ್ಲಿಯವರೆಗೆ ಅವನು ಹಾರಿಸಿದ್ದ ತರಬೇತಿ ವಿಮಾನದಲ್ಲಿ ಎರಡು ಸೀಟು ಇದ್ದವು. ಅದರಲ್ಲಿ ಒಂದು ಗುರುವಿನದು.

ಲೈಸೆನ್ಸಿಗೆ ಒಂದು ಗುಣವಿದೆ. ಅದು ಉಪ್ಪಿನಕಾಯಿಯಲ್ಲ, ಇಟ್ಟಷ್ಟೂ ರುಚಿಯಾಗಲು. ಅದು ಹಾಲು. ಕೈಯೂ ಹಾಗೆಯೇ. ಪೈಲಟ್ ದಿನಾ ಬೆಳಿಗ್ಗೆ ಹಾಸಿಗೆಯ ಮೇಲೆ ಕುಳಿತು ಕಣ್ಣು ಮುಚ್ಚಿ ವಿಮಾನ ಏರಿಸುತ್ತಿದ್ದ. ಎಡಗೈ ಇಲ್ಲಿ, ಬಲಗೈ ಅಲ್ಲಿ, ಇದನ್ನು ಒತ್ತು, ಅದನ್ನು ಎಳೆ, ನೆಲ ಬಿಡು. ಒಂದು ದಿನ ಬಲಗೈ ಅರ್ಧ ದಾರಿಗೆ ಹೋಗಿ ನಿಂತಿತು. ಮುಂದೆ ಏನು ಹಿಡಿಯಬೇಕೆಂದು ಕೈಗೆ ನೆನಪಾಗಲಿಲ್ಲ. ಅವನು ಕೈಯನ್ನು ನೋಡಿದ. ಕೈ ಗಾಳಿಯಲ್ಲಿ ಇತ್ತು. ಕೋಣೆಯ ಗೆಳೆಯರು ಎದ್ದು ನೋಡಿಯಾರು ಎಂದು ಅವನು ಆ ಕೈಯಿಂದ ಕೂದಲು ಸರಿಮಾಡಿಕೊಂಡ.

ಆ ವಾರವೇ ಅವನು ಒಂದು ಸರ್ವೆ ಕಂಪನಿಗೆ ಸೇರಿದ.

ಸರ್ವೆಯವರು ಭೂಪಟದ ಮೇಲೆ ಗೆರೆ ಎಳೆಯುತ್ತಾರೆ. ಒಂದರ ಪಕ್ಕ ಒಂದು, ಬಾಚಣಿಗೆಯ ಹಲ್ಲಿನ ಹಾಗೆ. ಪೈಲಟ್ ಆ ಗೆರೆಯ ಮೇಲೆ ಹೋಗಬೇಕು. ಗೆರೆ ಮುಗಿದ ಮೇಲೆ ತಿರುಗಿ ಪಕ್ಕದ ಗೆರೆಯ ಮೇಲೆ ಬರಬೇಕು. ಸೊಟ್ಟ ಹೋದರೆ ಆ ಗೆರೆ ಲೆಕ್ಕಕ್ಕಿಲ್ಲ, ಮತ್ತೆ ಹಾರಿಸಬೇಕು. ಮರದ ತುದಿಗೆ ಹತ್ತಿರ, ಕರೆಂಟಿನ ತಂತಿಗೆ ಇನ್ನೂ ಹತ್ತಿರ. ಬಿಸಿಲೇರಿದರೆ ವಿಮಾನ ಎತ್ತಿನಗಾಡಿಯ ಹಾಗೆ ಕುಲುಕುತ್ತದೆ. ಇಳಿದಾಗ ಚಪ್ಪಾಳೆ ತಟ್ಟಲು ಯಾರೂ ಇರುವುದಿಲ್ಲ. ಹಿಂದೆ ಯಂತ್ರ ನೋಡುವ ಒಬ್ಬ ಇರುತ್ತಾನೆ; ಅವನು ಸಾಮಾನ್ಯವಾಗಿ ವಾಂತಿ ಮಾಡಿರುತ್ತಾನೆ.

ಈ ಗೆರೆಗಳಿಗೂ ಅವರು ಲೈನು ಎಂದೇ ಹೇಳುತ್ತಿದ್ದರು.

ಪೈಲಟ್ ತಾಯಿಗೆ ಫೋನ್ ಮಾಡಿದ. ಲೈನ್ ಹಾರಿಸುತ್ತಿದ್ದೇನೆ ಎಂದ. ಇದೂ ಸುಳ್ಳಲ್ಲ. ತಾಯಿ ನೆರೆಯವರಿಗೆ ಸಕ್ಕರೆ ಹಂಚಿದಳು.

ಕೆಲವು ತಿಂಗಳ ಮೇಲೆ ಕಂಪನಿ ಭೂಪಟದ ಹೊಸ ಹಾಳೆ ಕೊಟ್ಟಿತು. ಗೆರೆಗಳು ಅವನ ಊರಿನ ಮೇಲೆಯೇ ಹಾದುಹೋಗಿದ್ದವು. ಬೇರೆ ಹಾಳೆ ಕೊಡಿ ಎಂದು ಅವನು ಕೇಳಿದ. ಕಲ್ಲಿಗೆ ಪೈಲಟ್ ಯಾವ ಊರಿನವನು ಎಂದು ಗೊತ್ತಿಲ್ಲ ಎಂದರು. ಆ ದಿನ ಅವನು ಊಟ ಮಾಡಲಿಲ್ಲ. ತಂತಿಯ ಭಯ ಅವನಿಗೆ ರೂಢಿಯಾಗಿತ್ತು. ಇದು ಬೇರೆ ಭಯ. ತಾಯಿ ಮೇಲೆ ನೋಡಿದರೆ ಏನು ಮಾಡುವುದು?

ತಾಯಿ ಮೇಲೆ ನೋಡಿದಳು. ಇಡೀ ಊರು ನೋಡಿತು.

ಇಂಥ ವಿಮಾನ ಬರುತ್ತದೆ, ಹೆದರಬೇಡಿ ಎಂದು ಮೊದಲೇ ಪ್ರಕಟಣೆ ಹೊರಟಿತ್ತು. ಹೊರಟಿತ್ತು, ಊರಿಗೆ ಬಂದಿರಲಿಲ್ಲ. ಊರಿನವರು ಕಂಡದ್ದು ಇಷ್ಟು. ಒಂದು ಸಣ್ಣ ವಿಮಾನ ತೆಂಗಿನಮರದ ಎತ್ತರದಲ್ಲಿ ಬಂತು. ಹೋಯಿತು. ತಿರುಗಿ ಬಂತು. ಮತ್ತೆ ಹೋಯಿತು. ಮತ್ತೆ ಬಂತು. ಅದರ ಬಾಲಕ್ಕೆ ಒಂದು ಉದ್ದನೆಯ ಕೋಲು ಸಿಕ್ಕಿಕೊಂಡಿತ್ತು. ಅದು ಕಲ್ಲು ನೋಡುವ ಯಂತ್ರದ ಕೋಲು; ಅದನ್ನು ಯಾರೂ ಬೇಕೆಂದು ಕಟ್ಟಿರಲಾರರು ಎಂದು ಊರಿನ ಎಲ್ಲರಿಗೂ ಅನಿಸಿತು.

ನೆರೆಮನೆಯ ಮುದುಕ ತೀರ್ಪು ಕೊಟ್ಟ. "ದಾರಿ ತಪ್ಪೈತಿ."

ಅದಕ್ಕೆ ಯಾರೂ ಎದುರು ಹೇಳಲಿಲ್ಲ. ದಾರಿ ಗೊತ್ತಿದ್ದವನು ಹೋದರೆ ಹೋಗಿಯೇಬಿಡುತ್ತಾನೆ. ಹೀಗೆ ಬಂದು ಬಂದು ಕೇಳುವುದಿಲ್ಲ.

ಆದರೆ ಮುದುಕನಿಗೆ ಕೂಗಿ ದಾರಿ ಹೇಳುವಷ್ಟು ದನಿ ಇರಲಿಲ್ಲ. ಪೈಲಟ್‌ಗೆ ನಿಲ್ಲಿಸಿ ಕೇಳುವಷ್ಟು ಅನುಕೂಲ ಇರಲಿಲ್ಲ. ಇಳಿಯಲು ಜಾಗವನ್ನಾದರೂ ತೋರಿಸೋಣ ಎಂದು ಊರಿನವರು ತೀರ್ಮಾನಿಸಿದರು. ಊರ ಹೊರಗಿನ ಕಣವನ್ನು ಗುಡಿಸಿದರು. ಮೇಲಿನಿಂದ ಕಾಣಲಿ ಎಂದು ಅದರ ಮೇಲೆ ಏನಾದರೂ ದೊಡ್ಡದು ಹಾಸಬೇಕಿತ್ತು. ತಾಯಿ ಮನೆಗೆ ಓಡಿಹೋಗಿ ಕೌದಿ ತಂದಳು. ಅವಳ ಕೈಯಿಂದಲೇ ಹೊಲಿದದ್ದು, ಮನೆಯ ಎಲ್ಲರ ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ. ಅದನ್ನು ಕಣದ ನಡುವೆ ಹಾಸಿ ನಾಲ್ಕು ಮೂಲೆಗೆ ಕಲ್ಲು ಇಟ್ಟಳು. "ಯಾವ ತಾಯಿ ಮಗನೋ ಏನೋ" ಎಂದಳು. ಉಳಿದವರು ಜೋಳದ ಹಸಿ ಕಣಿಕೆ ತಂದು ಗುಡ್ಡೆ ಹಾಕಿ ಬೆಂಕಿ ಕೊಟ್ಟರು. ಹೊಗೆ ಕಂಡರೆ ಗಾಳಿ ಯಾವ ಕಡೆಗಿದೆ ಎಂದು ಅವನಿಗೆ ಗೊತ್ತಾಗುತ್ತದೆ ಎಂದು ಒಬ್ಬ ಹೇಳಿದ. ಅವನು ಹೇಳಿದ್ದು ಸರಿಯಾಗಿತ್ತು. ಹೊಗೆಯೂ ದಟ್ಟವಾಗಿಯೇ ಬಂತು.

ಪೈಲಟ್ ಗೆರೆಯ ಮೇಲೆ ನೆಟ್ಟಗೆ ಬರುತ್ತಿದ್ದ. ಮೊದಲು ಕಣ ಕಂಡಿತು. ಆಮೇಲೆ ಕೌದಿ ಕಂಡಿತು. ಅದರ ನಡುವೆ ಅವನ ಶಾಲೆಯ ಖಾಕಿ ಚಡ್ಡಿಯ ತುಂಡು ಇತ್ತು. ಸುತ್ತ ಅಪ್ಪನ ಕೆಂಪು ರುಮಾಲು. ಅಷ್ಟು ವೇಗದಲ್ಲಿ ಬಣ್ಣ ಮಾತ್ರ ಕಾಣುತ್ತದೆ. ಆ ಕೌದಿ ಹೊದ್ದು ಬೆಳೆದವನಿಗೆ ಅಷ್ಟು ಸಾಕು. ಪಕ್ಕದಲ್ಲಿ ನಿಂತವಳ ಮುಖ ಕಾಣಲಿಲ್ಲ. ಅದೂ ಬೇಕಾಗಿರಲಿಲ್ಲ.

ಆಮೇಲೆ ಹೊಗೆ ಕಂಡಿತು. ಹೊಗೆ ಗೆರೆಗೆ ಅಡ್ಡವಾಗಿ ಹರಡಿತ್ತು. ಹೊಗೆಯ ಆಚೆ ಊರಿಗೆ ಬರುವ ಕರೆಂಟ್ ಲೈನು ಇತ್ತು. ಇದೆ ಎಂದು ಗೊತ್ತಿತ್ತು; ಕಾಣುತ್ತಿರಲಿಲ್ಲ.

ಅವನು ವಿಮಾನವನ್ನು ಮೇಲಕ್ಕೆತ್ತಿದ. ಗೆರೆ ಹಾಳಾಯಿತು.

ಹಿಂದೆ ಕುಳಿತವನು ಏನಾಯಿತು ಎಂದು ಕೇಳಿದ.

"ಹೊಗೆ."

"ಯಾರು ಹಾಕಿದ್ರು?"

"ನಮ್ಮವರು."

ಹಿಂದೆ ಕುಳಿತವನು ಮುಂದೆ ಕೇಳಲಿಲ್ಲ. ಅವನಿಗೆ ಬೇರೆ ತೊಂದರೆ ಇತ್ತು. ಪೈಲಟ್ ಆ ದಿನದ ಕೆಲಸ ನಿಲ್ಲಿಸಿ ದೂರದ ರನ್‌ವೇಗೆ ಹೋಗಿ ಇಳಿದ.

ಊರಿನವರಿಗೆ ಕಂಡದ್ದು ಬೇರೆ. ವಿಮಾನ ಕಣದ ಹತ್ತಿರ ಬಂತು, ಹೆದರಿದ ಕುದುರೆಯ ಹಾಗೆ ಮೂತಿ ಎತ್ತಿತು, ಹೊಗೆಯ ಮೇಲೆ ಹೋಗಿ ಮಾಯವಾಯಿತು. ಮತ್ತೆ ಬರಲಿಲ್ಲ. ಬಿತ್ತು ಎಂದು ಕೆಲವರು ಹೇಳಿದರು. ಬಿದ್ದಿದ್ದರೆ ಸದ್ದು ಬರುತ್ತಿತ್ತು ಎಂದು ಕೆಲವರು ಹೇಳಿದರು. ಗಂಡಸರು ಹೊಲ ಹೊಲ ಹುಡುಕಿ ಬಂದರು. ಸಂಜೆ ದೊಡ್ಡ ವಿಮಾನ ಎಂದಿನಂತೆ ಎತ್ತರದಲ್ಲಿ ಹಾದುಹೋಯಿತು. ಆ ದಿನ ತಾಯಿ ಅದಕ್ಕೆ ಕೈ ಬೀಸಲಿಲ್ಲ. ಒಳಗೆ ಹೋಗಿ ಮಗನಿಗೆ ಫೋನ್ ಹಚ್ಚಿದಳು.

"ನೀ ಲೈನಿನ್ಯಾಗ ಇರಾಂವ, ನಿನಗ ಗೊತ್ತಾಗತೈತಿ, ಸ್ವಲ್ಪ ಕೇಳಿ ಹೇಳಪಾ" ಎಂದಳು. "ಇವತ್ತ ನಮ್ಮೂರ ಮ್ಯಾಲ ಒಂದ ಸಣ್ಣ ಇಮಾನ ದಾರಿ ತಪ್ಪಿ ತಿರಗ್ಯಾಡಿತು. ಆ ಹುಡುಗ ಏನಾದ? ಇಳದನೋ ಇಲ್ಲೋ? ನನಗ ರೊಟ್ಟಿ ಸೇರವಲ್ದು."

ಮಗನಿಗೆ ಸಣ್ಣದೊಂದು ಸುಳ್ಳು ಸಾಕಾಗಿತ್ತು. ಇಳಿದನಂತೆ ಎಂದರೆ ತಾಯಿ ಉಣ್ಣುತ್ತಿದ್ದಳು. ನಾಳೆಯಿಂದ ಮತ್ತೆ ಮಾಳಿಗೆ ಹತ್ತಿ ಯಾರದೋ ವಿಮಾನಕ್ಕೆ ಕೈ ಬೀಸುತ್ತಿದ್ದಳು. ಆದರೆ ಹಾಳಾದ ಗೆರೆಯನ್ನು ನಾಳೆ ಮತ್ತೆ ಹಾರಿಸಬೇಕಿತ್ತು. ಊರಿನವರು ಮತ್ತೆ ಹೊಗೆ ಹಾಕುತ್ತಿದ್ದರು. ಹೊಗೆಯ ಆಚೆ ತಂತಿ ಇತ್ತು.

"ಯವ್ವಾ, ಆ ಹುಡುಗ ನಾನ" ಎಂದ.

ಆ ಕಡೆಯಿಂದ ಫೋನಿನಲ್ಲಿ ದನದ ಗಂಟೆಯ ಸದ್ದು ಮಾತ್ರ ಕೇಳುತ್ತಿತ್ತು.

"ದಾರಿ ತಪ್ಪಿತ್ತೇನೋ?" ಎಂದಳು.

"ಇಲ್ಲವ್ವಾ. ನನ್ನ ಕೆಲಸನ ಅದು. ಹೋಗೋದು, ಬರೋದು. ಹೊಲದಾಗ ಸಾಲು ಹೊಡದಂಗ."

ಲೈನು ಎಂದು ಹೇಳದೆ ಅವನು ಸಾಲು ಎಂದದ್ದು ಅದೇ ಮೊದಲು. ತಾಯಿಗೆ ಅವನ ಕೆಲಸ ಅರ್ಥವಾದದ್ದೂ ಅದೇ ಮೊದಲು.

"ಹಂಗಾರ ನೀ ಕಂಪನಿ ಇಮಾನದಾಗ ಇಲ್ಲ."

"ಇಲ್ಲ."

"ಸಂಜಿಮುಂದ ಮ್ಯಾಲೆ ಹೋಗೋದು?"

"ಅದು ಯಾರದೋ, ಯವ್ವಾ."

ತಾಯಿ ಇದನ್ನು ಯೋಚಿಸಿದಳು. ಅಷ್ಟು ದಿನ ಕೈ ಬೀಸಿದ್ದು ಯಾರಿಗೋ ಹೋಗಿತ್ತು. ಊರಿಗೆಲ್ಲ ಹೇಳಿದ್ದಳು. ಸಕ್ಕರೆ ಹಂಚಿದ್ದಳು. ನಾಳೆ ಮುದುಕ ಏನು ಹೇಳುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಮಗ ಫೋನ್ ಹಿಡಿದು ಕಾಯುತ್ತಿದ್ದ. ದೊಡ್ಡ ಕಂಪನಿಯ ಕರೆಗೆ ಕೂಡ ಅವನು ಹಾಗೆ ಕಾದಿರಲಿಲ್ಲ.

ಕೊನೆಗೆ ತಾಯಿ ಕೇಳಿದಳು. "ಸಾಲು ನೆಟ್ಟಗ ಬರ್ತಾವೇನು?"

"ಬರ್ತಾವ. ಇವತ್ತ ಒಂದ ಕೆಟ್ಟಿತು. ಹೊಗಿಯಿಂದ."

"ಹಂಗಾರ ನಾಳೆ ಹೊಗಿ ಹಾಕಬ್ಯಾಡ್ರಿ ಅಂತ ಹೇಳ್ತೀನಿ" ಎಂದು ಹೇಳಿ ತಾಯಿ ಫೋನ್ ಇಟ್ಟಳು.

ಮರುದಿನ ಬೆಳಿಗ್ಗೆ ಪೈಲಟ್ ಅದೇ ಗೆರೆಯ ಮೇಲೆ ಬಂದ. ಹೊಗೆ ಇರಲಿಲ್ಲ. ತಂತಿ ಸ್ಪಷ್ಟವಾಗಿ ಕಾಣುತ್ತಿತ್ತು. ಕಣ ಖಾಲಿ ಇತ್ತು. ಕೌದಿ ಈಗ ಅವನ ಮನೆಯ ಮಾಳಿಗೆಯ ಮೇಲೆ ಇತ್ತು. ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಪಕ್ಕದಲ್ಲಿ ಒಬ್ಬಳು ನಿಂತಿದ್ದಳು. ಅವಳು ಕೈ ಬೀಸಿದಳು. ಅವನು ರೆಕ್ಕೆ ಅಲುಗಿಸಿ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. ಅಲುಗಿಸಿದ್ದರೆ ಗೆರೆ ಹಾಳಾಗುತ್ತಿತ್ತು. ಸಾಲು ಸೊಟ್ಟ ಹೊಡೆದವನನ್ನು ಆ ಮಾಳಿಗೆಯಲ್ಲಿ ಯಾರೂ ಮೆಚ್ಚುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನು ನೆಟ್ಟಗೆ ಹೋದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಅಕ್ಷತಾ ಕಾಯ್ದಳು. ಕತೆ ಮುಂದೆ ಹೋಗುವ ಲಕ್ಷಣ ಕಾಣಲಿಲ್ಲ. ಮೇಜಿನ ಮೇಲೆ ಅವಳ ಫೋನ್ ಒಮ್ಮೆ ಬೆಳಗಿತು. ಅವಳ ಕೈ ಅಲ್ಲಿಗೆ ಹಾರಿತು. ಯಾವುದೋ ಸೀರೆ ಅಂಗಡಿಯ ರಿಯಾಯಿತಿ ಸಂದೇಶ. ಗುರುಗಳು ಆ ಕೈಯನ್ನು ನೋಡಿದರು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಸರ್, ಆ ದೊಡ್ಡ ಕಂಪನಿ?" ಎಂದಳು. "ಅಷ್ಟು ದಿನ ಕಾದಿದ್ನಲ್ಲ. ಅವನಿಗೆ ಅಲ್ಲಿಂದ ಕರೆ ಬರಲೇ ಇಲ್ಲೇನ್ರಿ?"

"ಬಂತಲ್ಲ ತಂಗಿ, ಅವ್ವ ಮಾಳಿಗಿ ಮ್ಯಾಲೆ ಕೈ ಬೀಸಿದ್ಲಲ್ಲ, ಅವತ್ತ ಮುಂಜಾನಿ" ಎಂದರು ಗುರುಗಳು. "ಅವ ಹಾರಿಸಾಕತ್ತಿದ್ದ."

ಅಕ್ಷತಾ ಫೋನ್ ಕೈಗೆತ್ತಿಕೊಂಡಳು.

ಸರ್ವೆ ಕಂಪನಿಗೆ ಅವಳ ಒಪ್ಪಿಗೆ ಸಂಜೆಗೆ ಮೊದಲೇ ತಲುಪಿತು. ಚಹಾ ಚೆಲ್ಲಲಾಯಿತು.